ಕೆಸರಿನ ಓಟ, ಗುಡ್ಡದ ಓಟ ಮತ್ತು ಅರ್ಧಕ್ಕೆ ನಿಂತ ಓಟ



ಈ ಸಲ ನಮ್ಮ ಗೋಡೆ ಪತ್ರಿಕೆಯ ‘ಕ್ರೀಡೆ ಮತ್ತು ವಿಜ್ಞಾನ’ ಭಾಗಕ್ಕೆ ನೀನೇ ಬರೆಯಬೇಕು ಎಂದು ಪಿ.ಟಿ. ಸರ್ ನನಗೆ ಹೇಳಿದರು. ನನಗೇ ಯಾಕೆ ಹೇಳಿದರು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಈ ವರ್ಷ ತಾಲ್ಲೂಕು ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಮೂರನೇ ಸುತ್ತಿಗೆ ಕುಂತುಬಿಟ್ಟವಳು ನಾನೇ. ಅಂದಿನಿಂದ ನಮ್ಮ ತರಗತಿಯ ಹುಡುಗರು ನನಗೆ ‘ಅರ್ಧಾ ಓಟ’ ಅಂತ ಹೆಸರಿಟ್ಟಿದ್ದಾರೆ. ಇನ್ನು ಮುಂದೆ ಯಾವ ಆಟಕ್ಕೂ ಬರುವುದಿಲ್ಲ ಅಂತ ನಾನು ಸರ್‌ಗೆ ಹೇಳಿದ್ದೆ.

ಆಗ ಸರ್, “ಅರ್ಧಕ್ಕೆ ನಿಂತಾಕಿ ನೀ ಒಬ್ಬಾಕಿನ ಅಲ್ಲವ್ವಾ. ಫ್ರಾನ್ಸ್ ದೇಶದಾಗ ಒಬ್ಬಾಕಿ ಅದಾಳ. ಜಗತ್ತಿಗೇ ಚಾಂಪಿಯನ್ ಇದ್ದಾಕಿ ಒಲಿಂಪಿಕ್ಸ್‌ನಾಗ ಅರ್ಧಕ್ಕೆ ನಿಂತಳು. ಮುಂದ ಏನು ಮಾಡಿದಳು ಅಂತ ಓದಿ ಬರಿ. ಆಮ್ಯಾಲೆ ಆಟ ಬಿಡೂದೋ ಹಿಡಿಯೂದೋ ನೀನ ಹೇಳು” ಅಂದರು. ತಮ್ಮ ಮೊಬೈಲ್‌ನಲ್ಲಿ ಆ ಓಟಗಳ ಚಿತ್ರಗಳನ್ನೂ ತೋರಿಸಿದರು. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿರಿ.

1. ಈಕೆ ಯಾರು?

ಈಕೆಯ ಹೆಸರು ಪೋಲಿನ್ ಫೆರಾಂ ಪ್ರೆವೊ. ಹುಟ್ಟಿದ್ದು 1992ನೇ ಇಸವಿ ಫೆಬ್ರವರಿ 10ರಂದು, ಫ್ರಾನ್ಸ್ ದೇಶದ ರೈಮ್ಸ್ ಎಂಬ ಊರಿನಲ್ಲಿ. ಹೆಸರು ಉದ್ದವಾದ್ದರಿಂದ ಅಲ್ಲಿಯ ಜನ ಚಿಕ್ಕದಾಗಿ ‘ಪಿ.ಎಫ್.ಪಿ.’ ಅಂತಲೂ ಕರೆಯುತ್ತಾರೆ. ಈಕೆಯ ಉದ್ಯೋಗವೇ ಸೈಕಲ್ ಓಡಿಸುವುದು. ನಮ್ಮಲ್ಲಿ ಸೈಕಲ್ ಅಂದರೆ ಶಾಲೆಗೆ ಬರುವುದಕ್ಕೆ, ಹಾಲು ಹಾಕಿ ಬರುವುದಕ್ಕೆ. ಅಲ್ಲಿ ಸೈಕಲ್ ಓಟಗಾರರಿಗೆ ತಂಡ ಇರುತ್ತದೆ, ಸಂಬಳ ಇರುತ್ತದೆ, ತರಬೇತುದಾರರು, ವೈದ್ಯರು, ಸೈಕಲ್ ರಿಪೇರಿ ಮಾಡುವವರು ಎಲ್ಲರೂ ಇರುತ್ತಾರೆ.

ಸೈಕಲ್ ಓಟದಲ್ಲಿ ಬಹಳ ಬಗೆ ಇವೆ. ಡಾಂಬರು ರಸ್ತೆಯ ಓಟ ಒಂದು. ಕೆಸರಿನಲ್ಲಿ ಓಡುವ ಸೈಕ್ಲೋ-ಕ್ರಾಸ್ ಇನ್ನೊಂದು. ಗುಡ್ಡ, ಕಲ್ಲು, ಬೇರುಗಳ ಮೇಲೆ ಓಡುವ ಮೌಂಟನ್ ಬೈಕ್ ಮತ್ತೊಂದು. ಸಾಮಾನ್ಯವಾಗಿ ಒಬ್ಬರು ಒಂದರಲ್ಲೇ ಗಟ್ಟಿ ಇರುತ್ತಾರೆ. ಪೋಲಿನ್ ಮಾತ್ರ ಮೂರರಲ್ಲೂ ಜಗತ್ತಿಗೆ ಮೊದಲಿಗಳಾದಳು.

2. ಕೆಸರಿನ ಓಟ: ಸೈಕ್ಲೋ-ಕ್ರಾಸ್

ಮಳೆಗಾಲದಲ್ಲಿ ಎರಿ ಹೊಲದ ದಾರಿಯಲ್ಲಿ ಸೈಕಲ್ ತಂದವರಿಗೆ ಈ ಓಟವನ್ನು ಬಹಳ ವಿವರಿಸಬೇಕಾಗಿಲ್ಲ. ಎರಿ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡ್ ಒಳಗೆ ಸೇರಿ, ಗಾಲಿ ತಿರುಗದೆ ನಿಂತುಬಿಡುತ್ತದೆ. ಕಡ್ಡಿ ತಗೊಂಡು ಕೆದರಿ ತೆಗೆದರೂ ಹತ್ತು ಹೆಜ್ಜೆಗೆ ಮತ್ತೆ ಹಾಗೇ. ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ನಡೆಯಬೇಕು. ಅಕ್ಕನಿಗೆ ಎಂಟನೇ ತರಗತಿಯಲ್ಲಿ ಶಾಲೆಯಿಂದ ಸಿಕ್ಕ ಸೈಕಲ್ಲನ್ನು ನಾನು ಹೀಗೆ ಎಷ್ಟು ಸಲ ಹೊತ್ತಿದ್ದೇನೋ ಲೆಕ್ಕವಿಲ್ಲ. ಇದನ್ನೇ ಅವರು ಪಂದ್ಯ ಮಾಡಿದ್ದಾರೆ ಅಂತ ತಿಳಿದಾಗ ನನಗೆ ನಗು ಬಂತು.

ಈ ಓಟ ಶುರುವಾದದ್ದು ಫ್ರಾನ್ಸ್‌ನಲ್ಲಿ. ಚಳಿಗಾಲದಲ್ಲಿ ಮೈ ಗಟ್ಟಿಯಾಗಿ ಉಳಿಯಲಿ ಎಂದು ರಸ್ತೆ ಓಟಗಾರರು ಹೊಲ, ಬೇಲಿ, ಕಾಡು ದಾಟಿ ಸೈಕಲ್ ಹೊಡೆಯುತ್ತಿದ್ದರು. ದಾನಿಯೆಲ್ ಗುಸೊ ಎಂಬ ಸೈನಿಕ 1902ರಲ್ಲಿ ಫ್ರಾನ್ಸ್‌ನ ಮೊದಲ ಸೈಕ್ಲೋ-ಕ್ರಾಸ್ ಚಾಂಪಿಯನ್‌ಶಿಪ್ ನಡೆಸಿದ. 1910ರಲ್ಲಿ ಟೂರ್ ದ ಫ್ರಾನ್ಸ್ ಎಂಬ ದೊಡ್ಡ ರಸ್ತೆ ಓಟವನ್ನು ಗೆದ್ದ ಒಕ್ತಾವ್ ಲಪೀಝ್, ಚಳಿಗಾಲದ ಈ ಅಭ್ಯಾಸದಿಂದಲೇ ತನಗೆ ಶಕ್ತಿ ಬಂತು ಎಂದಿದ್ದನಂತೆ. ಆಮೇಲೆ ಈ ಓಟಕ್ಕೆ ಬೆಲೆ ಬಂತು. 1950ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆದರೆ ಹೆಂಗಸರಿಗೆ ವಿಶ್ವ ಚಾಂಪಿಯನ್‌ಶಿಪ್ ಇಟ್ಟದ್ದು 2000ದಲ್ಲಿ. ನಡುವೆ 50 ವರ್ಷ! ಇದನ್ನು ಗಮನಿಸಿರಿ.

ಓಟದ ನಿಯಮಗಳು ಹೀಗಿವೆ:

(ಅ) ಒಂದು ಸುತ್ತು ಸುಮಾರು 2.5ರಿಂದ 3.5 ಕಿಲೋಮೀಟರ್. ಹೆಂಗಸರ ಓಟ ಸುಮಾರು 50 ನಿಮಿಷ, ಗಂಡಸರದು ಸುಮಾರು 1 ಗಂಟೆ.

(ಆ) ದಾರಿಯಲ್ಲಿ ಹುಲ್ಲು, ಕೆಸರು, ಉಸುಕು, ಮೆಟ್ಟಿಲು ಎಲ್ಲ ಇರುತ್ತವೆ. ಅಡ್ಡ ಹಲಗೆಗಳೂ ಇರುತ್ತವೆ. ಅವುಗಳ ಎತ್ತರ 40 ಸೆಂಟಿಮೀಟರ್ ಮೀರಬಾರದು. ಅಲ್ಲಿ ಓಟಗಾರರು ಓಡುತ್ತಿರುವ ಸೈಕಲ್‌ನಿಂದಲೇ ಜಿಗಿದು ಇಳಿದು, ಸೈಕಲ್ ಎತ್ತಿ ಹಲಗೆ ದಾಟಿ, ಮತ್ತೆ ಜಿಗಿದು ಹತ್ತುತ್ತಾರೆ. ಒಂದೂ ಕ್ಷಣ ನಿಲ್ಲುವುದಿಲ್ಲ.

(ಇ) ಟೈರಿನ ಅಗಲ 33 ಮಿಲಿಮೀಟರ್ ಮೀರಬಾರದು. ಅಂದರೆ ನಮ್ಮ ಸೈಕಲ್ ಟೈರಿಗಿಂತಲೂ ಸಣ್ಣದು. ಆದ್ದರಿಂದ ಗಾಳಿ ಕಡಿಮೆ ಹಾಕುತ್ತಾರೆ. ಗಾಳಿ ಕಡಿಮೆ ಇದ್ದರೆ ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ, ಜಾರುವುದು ಕಡಿಮೆಯಾಗುತ್ತದೆ.

(ಈ) ದಾರಿಯ ಬದಿಯಲ್ಲಿ ಸೈಕಲ್ ಬದಲಿಸುವ ಜಾಗ ಇರುತ್ತದೆ. ಕೆಸರು ಮೆತ್ತಿದ ಸೈಕಲ್ಲನ್ನು ಅಲ್ಲಿ ಕೊಟ್ಟು ತೊಳೆದ ಸೈಕಲ್ ತಗೊಳ್ಳಬಹುದು. ಕೊಟ್ಟದ್ದನ್ನು ತಂಡದವರು ನೀರು ಹೊಡೆದು ತೊಳೆದು, ಚೈನಿಗೆ ಎಣ್ಣೆ ಹಾಕಿ, ಮುಂದಿನ ಸಲಕ್ಕೆ ಇಟ್ಟಿರುತ್ತಾರೆ.

ಅವರಿಗೆ ತೊಳೆದು ಕೊಡುವವರು ಇದ್ದಾರೆ, ನಮಗೆ ಕಡ್ಡಿಯೇ ಗತಿ! ಅವರ ಸೈಕಲ್‌ಗೆ ಮಡ್‌ಗಾರ್ಡ್ ಇರುವುದೇ ಇಲ್ಲ, ಕೆಸರು ಸಿಗಬಾರದೆಂದು.

3. ಗುಡ್ಡದ ಓಟ: ಮೌಂಟನ್ ಬೈಕ್

ಇದು ಅಮೆರಿಕದಲ್ಲಿ ಹುಟ್ಟಿದ್ದು. ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ ತಮಾಲ್ಪಾಯಸ್ ಎಂಬ ಗುಡ್ಡ ಇದೆ. 1970ರ ದಶಕದಲ್ಲಿ ಅಲ್ಲಿಯ ಹುಡುಗರು ಹಳೆಯ ಕಾಲದ ದಪ್ಪ ಟೈರಿನ ಭಾರದ ಸೈಕಲ್‌ಗಳನ್ನು ಗುಜರಿಯಿಂದ ತಂದು, ಗುಡ್ಡದ ಮಣ್ಣಿನ ದಾರಿಯಲ್ಲಿ ಇಳಿಜಾರಿಗೆ ಬಿಡುತ್ತಿದ್ದರು. ಆ ಸೈಕಲ್‌ಗಳ ಬ್ರೇಕು ಹಿಂದಿನ ಗಾಲಿಯ ನಡುವೆಯೇ ಇರುತ್ತಿತ್ತು. ಕೆಳಗೆ ಬರುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಸುಟ್ಟು ಹೊಗೆ ಬರುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಅದಕ್ಕೇ 1976ರಲ್ಲಿ ಶುರುವಾದ ಆ ಪಂದ್ಯಕ್ಕೆ ‘ರೀಪ್ಯಾಕ್’, ಅಂದರೆ ‘ಮತ್ತೆ ತುಂಬು’, ಎಂದು ಹೆಸರಾಯಿತು. ಚಾರ್ಲಿ ಕೆಲ್ಲಿ, ಗ್ಯಾರಿ ಫಿಶರ್, ಜೋ ಬ್ರೀಜ್ ಮೊದಲಾದವರು ಆ ಗುಂಪಿನಲ್ಲಿದ್ದರು. ಮುಂದೆ ಅವರೇ ಗುಡ್ಡಕ್ಕೆ ತಕ್ಕ ಸೈಕಲ್ ಮಾಡಿದರು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆಯಿತು. 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಗಂಡಸರು, ಹೆಂಗಸರು ಇಬ್ಬರಿಗೂ ಒಟ್ಟಿಗೇ ಈ ಓಟ ಸೇರಿತು.

ಈ ಸೈಕಲ್‌ನ ಟೈರು ದಪ್ಪ, ಅದರ ಮೇಲೆ ಗಡ್ಡೆಗಡ್ಡೆಯಾದ ಹಲ್ಲುಗಳು. ಮುಂದಿನ ಗಾಲಿಗೆ ಮೋಟರ್ ಸೈಕಲ್‌ಗೆ ಇರುವ ಹಾಗೆ ಕುಲುಕು ತಡೆಯುವ ಫೋರ್ಕ್ ಇರುತ್ತದೆ. ಒಲಿಂಪಿಕ್ಸ್‌ನ ಓಟ ಸುಮಾರು 1 ಗಂಟೆ 20 ನಿಮಿಷದಿಂದ 1 ಗಂಟೆ 30 ನಿಮಿಷ ನಡೆಯುತ್ತದೆ. ಒಂದೇ ಸುತ್ತನ್ನು ಹಲವು ಸಲ ಹಾಕಬೇಕು. ಏರಿಗೆ ಉಸಿರು, ಇಳಿಜಾರಿಗೆ ಧೈರ್ಯ, ಎರಡೂ ಬೇಕು.

4. ಸ್ವಲ್ಪ ಗಣಿತ

ಗುಡ್ಡ ಹತ್ತಲು ಅವರಿಗೆ ಗೇರು ಸಹಾಯ ಮಾಡುತ್ತದೆ. ಅದು ಹೇಗೆ ಎಂಬುದನ್ನು ಭಾಗಾಕಾರದಿಂದಲೇ ತಿಳಿಯಬಹುದು.

ನಮ್ಮ ಮನೆಯ ಸೈಕಲ್‌ನ ಹಲ್ಲುಗಳನ್ನು ನಾನು ಸುಣ್ಣದ ಗುರುತು ಹಾಕಿ ಎಣಿಸಿದೆ. ಪೆಡಲ್ ಹತ್ತಿರದ ಚಕ್ರಕ್ಕೆ 44, ಹಿಂದಿನ ಚಕ್ರಕ್ಕೆ 18. 44 ÷ 18 = 2.44. ಅಂದರೆ ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಬಯಲಿಗೆ ಇದು ಸರಿ. ಏರಿಗೆ ಮಾತ್ರ ಸೀಟಿನಿಂದ ಎದ್ದು ನಿಂತು ತುಳಿಯಬೇಕು, ಇಲ್ಲಾ ಇಳಿದು ತಳ್ಳಬೇಕು.

ಈಗಿನ ಮೌಂಟನ್ ಬೈಕ್‌ನಲ್ಲಿ ಮುಂದೆ 32 ಹಲ್ಲಿನ ಒಂದು ಚಕ್ರ, ಹಿಂದೆ ಚಿಕ್ಕದರಿಂದ ದೊಡ್ಡದಕ್ಕೆ 12 ಚಕ್ರ ಇರಬಹುದು. ದೊಡ್ಡದಕ್ಕೆ 51 ಹಲ್ಲು, ಚಿಕ್ಕದಕ್ಕೆ 10 ಹಲ್ಲು ಎಂದುಕೊಳ್ಳೋಣ. ಗಾಲಿಯ ಸುತ್ತಳತೆ ಸುಮಾರು 2.3 ಮೀಟರ್.

ಏರಿಗೆ: 32 ÷ 51 = 0.63 ಸುತ್ತು. 0.63 × 2.3 = ಸುಮಾರು 1.4 ಮೀಟರ್.
ಇಳಿಜಾರಿಗೆ: 32 ÷ 10 = 3.2 ಸುತ್ತು. 3.2 × 2.3 = ಸುಮಾರು 7.4 ಮೀಟರ್.

ಒಂದು ತುಳಿತಕ್ಕೆ ಬರೀ 1.4 ಮೀಟರ್ ಮುಂದೆ ಹೋಗುವುದಾದರೆ ಬಲ ಕಡಿಮೆ ಸಾಕು, ಆದರೆ ಬಹಳ ಸಲ ತುಳಿಯಬೇಕು. ಬಾವಿಯ ರಾಟಿಯ ಪಾಠದಲ್ಲಿ ವಿಜ್ಞಾನದ ಅಕ್ಕಾವ್ರು ಹೇಳಿದ್ದು ಇದೇ: ಯಂತ್ರ ನಮ್ಮ ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಹಗುರ ಮಾಡುತ್ತದೆ ಅಷ್ಟೆ. ತುಳಿಯುವವರು ತುಳಿಯಲೇಬೇಕು.

5. ಒಂದೇ ಸಲಕ್ಕೆ ಮೂರು ಜೆರ್ಸಿ

ವಿಶ್ವ ಚಾಂಪಿಯನ್ ಆದವರಿಗೆ ಬಿಳಿ ಜೆರ್ಸಿ ಕೊಡುತ್ತಾರೆ. ಎದೆಯ ಮೇಲೆ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಐದು ಪಟ್ಟಿ ಇರುತ್ತವೆ. ಇದಕ್ಕೆ ಕಾಮನಬಿಲ್ಲಿನ ಜೆರ್ಸಿ ಎನ್ನುತ್ತಾರೆ. ಮುಂದಿನ ಚಾಂಪಿಯನ್‌ಶಿಪ್‌ವರೆಗೆ, ಅದೇ ಬಗೆಯ ಓಟದಲ್ಲಿ ಮಾತ್ರ, ಅದನ್ನು ಹಾಕಿಕೊಳ್ಳಬಹುದು.

ಪೋಲಿನ್ 2010ರಲ್ಲಿ, ಅಂದರೆ 18ನೇ ವಯಸ್ಸಿಗೆ, ಕಿರಿಯರ ವಿಭಾಗದಲ್ಲಿ ರಸ್ತೆ ಓಟ, ಮೌಂಟನ್ ಬೈಕ್ ಎರಡರಲ್ಲೂ ವಿಶ್ವ ಚಾಂಪಿಯನ್ ಆಗಿದ್ದಳು. ದೊಡ್ಡವರ ವಿಭಾಗಕ್ಕೆ ಬಂದ ಮೇಲೆ:

2014ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ಪೊನ್‌ಫೆರಾಡದಲ್ಲಿ ರಸ್ತೆ ಓಟ ಗೆದ್ದಳು.
2015ರ ಜನವರಿ 31ರಂದು ಚೆಕ್ ದೇಶದ ತಾಬೋರ್‌ನಲ್ಲಿ ಸೈಕ್ಲೋ-ಕ್ರಾಸ್ ಗೆದ್ದಳು. ಆವತ್ತು ಎರಡನೆಯವಳು ಬೆಲ್ಜಿಯಂನ ಸಾನ್ನೆ ಕಾಂಟ್, ಮೂರನೆಯವಳು ನೆದರ್ಲೆಂಡ್ಸ್‌ನ ಮರಿಯಾನ್ನೆ ವೋಸ್. ವೋಸ್ ಅಂದರೆ ಈ ಓಟವನ್ನು ಆಗಲೇ ಏಳು ಸಲ ಗೆದ್ದಿದ್ದಾಕೆ.
2015ರ ಸೆಪ್ಟೆಂಬರ್‌ನಲ್ಲಿ ಆಂಡೊರಾ ದೇಶದ ವಾಲ್ನೋರ್ಡ್‌ನಲ್ಲಿ ಮೌಂಟನ್ ಬೈಕ್ ಗೆದ್ದಳು.

ರಸ್ತೆ ಓಟದ ಹೊಸ ಚಾಂಪಿಯನ್ ಬರುವುದಕ್ಕೆ ಆಗ ಇನ್ನೂ ಸುಮಾರು ಮೂರು ವಾರ ಇತ್ತು. ಆ ಮೂರು ವಾರ ಮೂರೂ ಜೆರ್ಸಿಗಳು ಒಬ್ಬಾಕೆಯ ಹತ್ತಿರವೇ ಇದ್ದವು. ಹೀಗೆ ಒಂದೇ ಸಮಯಕ್ಕೆ ಮೂರನ್ನೂ ಹಿಡಿದವರು ಅದಕ್ಕೆ ಮೊದಲು ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಯಾರೂ ಇರಲಿಲ್ಲ. ಆಗ ಆಕೆಯ ವಯಸ್ಸು 23.

6. ಅರ್ಧಕ್ಕೆ ನಿಂತ ಓಟ

ಮುಂದಿನ ವರ್ಷವೇ 2016ರ ರಿಯೋ ಒಲಿಂಪಿಕ್ಸ್. ಫ್ರಾನ್ಸ್ ಜನ ಚಿನ್ನ ಬಂದೇ ಬರುತ್ತದೆ ಅಂತ ಕಾದಿದ್ದರು. ಆದರೆ ಆ ವರ್ಷ ಶುರುವಾದದ್ದೇ ಪೆಟ್ಟಿನಿಂದ. ಮಂಡಿಯ ಕೆಳಗಿನ ಮೂಳೆಗೆ ಪೆಟ್ಟಾಗಿತ್ತು. ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವೂ ಇತ್ತು. ರಿಯೋದಲ್ಲಿ ಮೌಂಟನ್ ಬೈಕ್ ಓಟ ಶುರುವಾದ ಮೇಲೆ ಆಕೆ ಹಿಂದೆ ಹಿಂದೆ ಉಳಿದಳು. ಕೊನೆಗೆ ಓಟವನ್ನು ಮುಗಿಸದೆ ಇಳಿದುಬಿಟ್ಟಳು. ಫಲಿತಾಂಶದ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಸ್ಥಾನದ ಸಂಖ್ಯೆಯೇ ಇಲ್ಲ, ‘ಮುಗಿಸಲಿಲ್ಲ’ ಎಂದಷ್ಟೇ ಇದೆ.

ಇದನ್ನು ಓದಿದಾಗ ನಾನು ಸುಮ್ಮನೆ ಕುಂತೆ. ತಾಲ್ಲೂಕು ಕ್ರೀಡಾಕೂಟದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆಯೂ ಒಂದು ಅಡ್ಡಗೆರೆ ಇತ್ತು. ಆ ಗೆರೆ ಎಷ್ಟು ಉದ್ದ ಕಾಣುತ್ತದೆ ಅನ್ನುವುದು ಓಟ ಮುಗಿಸಿದವರಿಗೆ ತಿಳಿಯುವುದಿಲ್ಲ.

7. ವಿಜ್ಞಾನದ ಭಾಗ: ಕಾಲಿಗೆ ರಕ್ತ ಹೋಗುವ ದಾರಿ

ಮುಂದೆ ನಡೆದದ್ದು ವೈದ್ಯರಿಗೆ ಸಂಬಂಧಪಟ್ಟದ್ದು. ಇದನ್ನು ನಿಧಾನವಾಗಿ ಓದಿರಿ, ಪರೀಕ್ಷೆಗೂ ಉಪಯೋಗ.

ಹೃದಯದಿಂದ ಹೊರಟ ದೊಡ್ಡ ಅಪಧಮನಿ ಹೊಟ್ಟೆಯೊಳಗೆ ಕೆಳಗೆ ಬಂದು, ಹೊಕ್ಕುಳಿನ ಹತ್ತಿರ ಎರಡಾಗಿ ಒಡೆಯುತ್ತದೆ. ಒಂದು ಬಲಗಾಲಿಗೆ, ಒಂದು ಎಡಗಾಲಿಗೆ. ಕಾಲುವೆ ಎರಡು ಕವಲಾಗಿ ಎರಡು ಹೊಲಕ್ಕೆ ಹೋದ ಹಾಗೆ. ಇವುಗಳಿಗೆ ಇಲಿಯಾಕ್ ಅಪಧಮನಿ ಎನ್ನುತ್ತಾರೆ. ಸೈಕಲ್ ಓಟಗಾರರು ಸೊಂಟ ಬಗ್ಗಿಸಿಕೊಂಡು ವರ್ಷಕ್ಕೆ ಸಾವಿರಾರು ಕಿಲೋಮೀಟರ್ ತುಳಿಯುತ್ತಾರೆ. ಪ್ರತಿ ತುಳಿತಕ್ಕೂ ಆ ಅಪಧಮನಿ ಮಡಚುತ್ತದೆ, ಬಿಚ್ಚುತ್ತದೆ. ಹೀಗೆ ಲಕ್ಷಾಂತರ ಸಲ ಆದಾಗ ಕೆಲವರಲ್ಲಿ ಅದರ ಒಳಗೋಡೆ ದಪ್ಪವಾಗಿ, ರಕ್ತ ಹೋಗುವ ದಾರಿ ಸಣ್ಣದಾಗುತ್ತದೆ.

ಇದರಲ್ಲಿ ಒಂದು ಮೋಸ ಇದೆ. ಸುಮ್ಮನೆ ಕುಂತಾಗ, ನಡೆಯುವಾಗ ಕಾಲಿಗೆ ರಕ್ತ ಸ್ವಲ್ಪ ಸಾಕು. ಸಣ್ಣ ದಾರಿಯಲ್ಲೂ ಅಷ್ಟು ಹೋಗುತ್ತದೆ. ವೈದ್ಯರು ಮಲಗಿಸಿ ನೋಡಿದರೆ ಎಲ್ಲ ಸರಿ ಇದೆ ಅನಿಸುತ್ತದೆ. ಪೂರ್ತಿ ಬಲ ಹಾಕಿ ತುಳಿಯುವಾಗ ಮಾತ್ರ ಸ್ನಾಯುಗಳಿಗೆ ಬಹಳ ಆಮ್ಲಜನಕ ಬೇಕು, ಅಷ್ಟು ರಕ್ತ ಹೋಗುವುದಿಲ್ಲ. ಆಗ ಕಾಲು ಸೋತು, ಜೋಮು ಹಿಡಿದು, ತನ್ನದಲ್ಲವೇನೋ ಅನ್ನಿಸುತ್ತದೆ. ಅದಕ್ಕೇ ಇದನ್ನು ಹುಡುಕಬೇಕಾದರೆ ಜೋರಾಗಿ ಸೈಕಲ್ ತುಳಿಸಿ, ಕೂಡಲೇ ಕಾಲಿನ ಹರಡಿನ ಹತ್ತಿರ ರಕ್ತದ ಒತ್ತಡ ಅಳೆಯಬೇಕು.

ಪೋಲಿನ್‌ಗೆ ಈ ತೊಂದರೆಯೇ ಇದೆ ಎಂದು ಗೊತ್ತಾಗಿ 2019ರಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಅದೇ ವರ್ಷ ಆಗಸ್ಟ್ ಕೊನೆಗೆ ಕೆನಡಾದಲ್ಲಿ ನಡೆದ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ಪನ್ನು ಆಕೆ ಗೆದ್ದಳು. ನಾಲ್ಕು ವರ್ಷದ ಮೇಲೆ ಕಾಮನಬಿಲ್ಲಿನ ಜೆರ್ಸಿ ಮತ್ತೆ ಬಂತು.

8. ಮತ್ತೆ ಮೇಲಕ್ಕೆ

ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತು ಅಂದುಕೊಳ್ಳಬೇಡಿ. 2020ರಲ್ಲಿ ಆಸ್ಟ್ರಿಯಾದಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದಳು ನಿಜ. ಆದರೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 10ನೇ ಸ್ಥಾನ. ಆವತ್ತು ಚಿನ್ನ, ಬೆಳ್ಳಿ, ಕಂಚು ಮೂರೂ ಸ್ವಿಟ್ಜರ್ಲೆಂಡ್ ಹೆಣ್ಣುಮಕ್ಕಳ ಪಾಲಾದವು. 2012 ಲಂಡನ್, 2016 ರಿಯೋ, 2021 ಟೋಕಿಯೋ: ಮೂರು ಒಲಿಂಪಿಕ್ಸ್ ಆದರೂ ಒಂದು ಕಂಚು ಸಹ ಇಲ್ಲ.

2022ರಲ್ಲಿ ಮಾತ್ರ ಒಂದೇ ವರ್ಷದಲ್ಲಿ ನಾಲ್ಕು ವಿಶ್ವ ಪಟ್ಟ: ಮೌಂಟನ್ ಬೈಕ್‌ನ ಮುಖ್ಯ ಓಟ, ಚಿಕ್ಕ ಓಟ, ದೂರದ ಮ್ಯಾರಥಾನ್ ಓಟ, ಮತ್ತು ಆ ವರ್ಷವೇ ಮೊದಲ ಸಲ ನಡೆದ ಜಲ್ಲಿ ರಸ್ತೆಯ ಓಟ. 2023ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಮತ್ತೆ ಗೆದ್ದು, ಮೌಂಟನ್ ಬೈಕ್‌ನ ಮುಖ್ಯ ಓಟದ ವಿಶ್ವ ಪಟ್ಟ ಒಟ್ಟು ಐದು ಆದವು: 2015, 2019, 2020, 2022, 2023.

ಆಮೇಲೆ 2024ರ ಪ್ಯಾರಿಸ್ ಒಲಿಂಪಿಕ್ಸ್. ಓಟ ನಡೆದದ್ದು ಎಲಾಂಕೂರ್ ಗುಡ್ಡದಲ್ಲಿ. ಈ ಗುಡ್ಡದ ಕತೆಯೂ ಚೆನ್ನಾಗಿದೆ. ಅದು ಹಳೆಯ ಕಲ್ಲುಗಣಿ. ಗಣಿ ಮುಗಿದ ಮೇಲೆ ಕಸ, ಕಟ್ಟಡದ ಮಣ್ಣು ಹಾಕಿ ಹಾಕಿ ಎತ್ತರವಾಗಿ, 231 ಮೀಟರ್ ಆಗಿ, ಈಗ ಪ್ಯಾರಿಸ್ ಪ್ರಾಂತದಲ್ಲೇ ಎತ್ತರದ ಜಾಗವಾಗಿದೆ. ಕಸ ಹಾಕಿದ ಜಾಗದಲ್ಲಿ ಒಲಿಂಪಿಕ್ಸ್! ಜುಲೈ 28ರಂದು ಅಲ್ಲಿ ಪೋಲಿನ್ ಶುರುವಿನ ಸುತ್ತುಗಳಲ್ಲೇ ಎಲ್ಲರನ್ನೂ ಬಿಟ್ಟು ಮುಂದೆ ಹೋದಳು. ಎರಡನೆಯವಳಾದ ಅಮೆರಿಕದ ಹೇಲಿ ಬ್ಯಾಟನ್‌ಗಿಂತ ಹೆಚ್ಚುಕಡಿಮೆ ಮೂರು ನಿಮಿಷ ಮೊದಲು ಗೆರೆ ದಾಟಿದಳು. ಮೂರನೆಯವಳು ಸ್ವೀಡನ್‌ನ ಯೆನ್ನಿ ರಿಸ್ವೆಡ್ಸ್. ನಾಲ್ಕನೇ ಒಲಿಂಪಿಕ್ಸ್‌ಗೆ, 32ನೇ ವಯಸ್ಸಿಗೆ, ತನ್ನ ದೇಶದಲ್ಲೇ ಚಿನ್ನ.

ಅಷ್ಟಕ್ಕೆ ಸಾಕು ಅನ್ನಲಿಲ್ಲ. ಮೌಂಟನ್ ಬೈಕ್ ಬಿಟ್ಟು ಮತ್ತೆ ರಸ್ತೆ ಓಟಕ್ಕೆ ಬಂದಳು. ಮೂರು ವರ್ಷದೊಳಗೆ ಹೆಂಗಸರ ಟೂರ್ ದ ಫ್ರಾನ್ಸ್ ಗೆಲ್ಲಬೇಕು ಎಂಬುದು ಗುರಿ. 2025ರ ಏಪ್ರಿಲ್‌ನಲ್ಲಿ ಪ್ಯಾರಿಸ್-ರುಬೇ ಎಂಬ ಓಟ ಗೆದ್ದಳು. ಅದರಲ್ಲಿ ಕಲ್ಲು ಹಾಸಿದ ಹಳೆಯ ಹೊಲದ ದಾರಿಗಳ ಮೇಲೆ ಓಡಬೇಕು. ಕೆಸರು, ಗುಡ್ಡಗಳಲ್ಲಿ ಕಲಿತ ಹಿಡಿತ ಅಲ್ಲಿ ಕೆಲಸಕ್ಕೆ ಬಂದಿರಬೇಕು. ಅದೇ ವರ್ಷ ಆಗಸ್ಟ್ 3ರಂದು ಮುಗಿದ 9 ದಿನಗಳ ಟೂರ್ ದ ಫ್ರಾನ್ಸನ್ನೂ ಗೆದ್ದುಬಿಟ್ಟಳು. ಸುಮಾರು 2000 ಮೀಟರ್ ಎತ್ತರದ ಮಾದಲೆನ್ ಘಾಟಿನ ಮೇಲೆ 8ನೇ ದಿನ ಒಬ್ಬಳೇ ಮುಂದೆ ಹೋಗಿ ಹಳದಿ ಜೆರ್ಸಿ ಹಾಕಿಕೊಂಡಳು. ಕೊನೆಯ ದಿನವೂ ಆಕೆಯೇ ಮೊದಲು. ಮೂರು ವರ್ಷದ ಗುರಿ ಮೊದಲ ವರ್ಷಕ್ಕೇ ಮುಟ್ಟಿತು. ಫ್ರಾನ್ಸ್‌ನ ಗಂಡಸರು ತಮ್ಮ ಟೂರ್ ಗೆದ್ದು ಆಗ 40 ವರ್ಷವಾಗಿತ್ತು. ಕೊನೆಗೆ ಗೆದ್ದವನು 1985ರಲ್ಲಿ ಬರ್ನಾರ್ ಹಿನೋ.

ಒಂದು ಮಾತು ಮರೆಯಬಾರದು. ಘಾಟು ಹತ್ತಲು ಹಗುರಾಗಬೇಕೆಂದು ಆಕೆ ಆ ಓಟಕ್ಕೆ ತೂಕ ಇಳಿಸಿದ್ದಳು. ಇದರ ಬಗ್ಗೆ ಬಹಳ ಚರ್ಚೆಯಾಯಿತು. ಇದು ಪೂರ್ತಿ ಆರೋಗ್ಯಕರ ಅಲ್ಲ, ವರ್ಷವಿಡೀ ಹೀಗೇ ಇರುವುದಿಲ್ಲ ಎಂಬ ಅರ್ಥದ ಮಾತನ್ನು ಆಕೆಯೇ ಹೇಳಿದಳು. ಆಕೆಗೆ ಆಹಾರ ನೋಡಿಕೊಳ್ಳುವ ತಜ್ಞರಿದ್ದರು. ನಾವು ಊಟ ಬಿಡುವುದಕ್ಕೆ ಇದನ್ನು ನೆಪ ಮಾಡಬಾರದು.

9. ನನಗೆ ತಿಳಿದದ್ದು

ಇಂಥ ಲೇಖನದ ಕೊನೆಗೆ ‘ಛಲ ಬಿಡಬಾರದು, ಪ್ರಯತ್ನವೇ ದೇವರು’ ಅಂತ ಬರೆಯುತ್ತಾರೆ. ನಾನೂ ಮೊದಲು ಹಾಗೇ ಬರೆದಿದ್ದೆ. ಸರ್ ಓದಿ, “ಇದು ಖರೇ. ಆದ್ರ ಛಲ ಅಷ್ಟ ಸಾಕಾಗಿದ್ರ ಆಪರೇಶನ್ ಯಾಕ ಬೇಕಾತು?” ಅಂತ ಕೇಳಿದರು. ಅದಕ್ಕೆ ಆ ಸಾಲು ಹೊಡೆದುಹಾಕಿ, ಮತ್ತೆ ಯೋಚನೆ ಮಾಡಿದೆ.

ಪೋಲಿನ್ ಸೋಮಾರಿ ಆಗಿರಲಿಲ್ಲ. ಸಣ್ಣದಾದ ಅಪಧಮನಿಯನ್ನು ಎಷ್ಟು ಬೈದರೂ, ಎಷ್ಟು ಛಲ ಮಾಡಿದರೂ ಅದು ಅಗಲ ಆಗುತ್ತಿರಲಿಲ್ಲ. ಏನು ತೊಂದರೆ ಎಂದು ಹುಡುಕಬೇಕಿತ್ತು. ಹುಡುಕಿದರು, ಸಿಕ್ಕಿತು, ಸರಿಮಾಡಿದರು. ಆಮೇಲೆ ಛಲ ಕೆಲಸಕ್ಕೆ ಬಂತು.

ಈಗ ನನ್ನ ವಿಷಯ ಹೇಳುತ್ತೇನೆ. ಓಟದ ದಿನ ನಸುಕಿನಲ್ಲೇ ಹೊರಟಿದ್ದರಿಂದ ಒಂದು ಕಪ್ಪು ಚಹಾ ಬಿಟ್ಟರೆ ನಾನು ಏನೂ ತಿಂದಿರಲಿಲ್ಲ. ಎರಡು ಸುತ್ತಾದ ಮೇಲೆ ಕಣ್ಣಿಗೆ ಕತ್ತಲೆ ಬಂತು. ಹದಿನೈದು ದಿನದ ಮೇಲೆ ಆರೋಗ್ಯ ಕೇಂದ್ರದವರು ಶಾಲೆಗೆ ಬಂದು ಬೆರಳು ಚುಚ್ಚಿ ರಕ್ತ ನೋಡಿದರು. ನನ್ನ ಹಿಮೋಗ್ಲೋಬಿನ್ 9 ಇತ್ತು. ನಮ್ಮ ವಯಸ್ಸಿನ ಹುಡುಗಿಯರಿಗೆ 12 ಆದರೂ ಇರಬೇಕು. ಆಕೆಗೆ ರಕ್ತದ ದಾರಿ ಸಣ್ಣದಾಗಿತ್ತು. ನನಗೆ ದಾರಿ ಸರಿ ಇತ್ತು, ಆದರೆ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್ ಕಡಿಮೆ ಇತ್ತು. ಗಾಡಿ ಕಡಿಮೆ ಇದ್ದರೆ ರಸ್ತೆ ಎಷ್ಟು ಅಗಲ ಇದ್ದರೇನು?

ಇದರಲ್ಲಿ ನನ್ನ ತಪ್ಪೂ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನಾನು ನುಂಗಿದ ಹಾಗೆ ಮಾಡಿ, ಕಾಂಪೌಂಡ್ ಆಚೆ ಒಗೆಯುತ್ತಿದ್ದೆ. ಹಾಗೆ ಮಾಡುವವಳು ನಾನೊಬ್ಬಳೇ ಅಲ್ಲ ಎಂಬುದು ಇದನ್ನು ಓದುತ್ತಿರುವ ಕೆಲವರಿಗೆ ಗೊತ್ತು. ಈಗ ಅಕ್ಕಾವ್ರ ಮುಂದೆಯೇ ನುಂಗುತ್ತೇನೆ. ಊಟ ಆದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಂತೆ, ಲಿಂಬೆ ಹಿಂಡಿಕೊಂಡರೆ ಹೆಚ್ಚಂತೆ. ಅವ್ವನಿಗೂ ಇದನ್ನು ಓದಿ ಹೇಳಿದೆ. ರಾಜಗಿರಿ ಪಲ್ಲೆ, ನುಗ್ಗೆ ಸೊಪ್ಪು, ಹೆಸರುಕಾಳು, ಸಜ್ಜಿ ರೊಟ್ಟಿ ನಮ್ಮ ಮನೆಯಲ್ಲಿ ಮೊದಲಿಂದಲೂ ಇವೆ. ಆದರೆ ಎಲ್ಲರ ಊಟ ಆದ ಮೇಲೆ ಉಳಿದದ್ದನ್ನು ಅವ್ವ ತಿನ್ನುವುದು. ಅವ್ವನ ರಕ್ತವನ್ನೂ ಒಮ್ಮೆ ತೋರಿಸಬೇಕು ಅಂತ ಅಪ್ಪನಿಗೆ ಹೇಳಿದ್ದೇನೆ. ಈ ವಾರ ಹೋಗೋಣ ಅಂದಿದ್ದಾರೆ.

ಸರ್ ಕೇಳಿದ ಪ್ರಶ್ನೆಗೆ ಉತ್ತರ: ನಾನು ಆಟ ಬಿಡುವುದಿಲ್ಲ. ಮುಂದಿನ ವರ್ಷ 1500 ಮೀಟರ್‌ಗೆ ಹೆಸರು ಕೊಡುತ್ತೇನೆ. ಗೆಲ್ಲುತ್ತೇನೆ ಅಂತ ಹೇಳುವುದಿಲ್ಲ. ಮುಗಿಸುತ್ತೇನೆ. ಎಷ್ಟನೇ ಸ್ಥಾನ ಬಂದರೂ ಇದೇ ಗೋಡೆಯ ಮೇಲೆ ನಾನೇ ಬರೆದು ಅಂಟಿಸುತ್ತೇನೆ. ಅಲ್ಲಿಯವರೆಗೆ ‘ಅರ್ಧಾ ಓಟ’ ಅಂತ ಕರೆಯುವವರು ಕರೆಯಬಹುದು.

ನೆನಪಿಡಬೇಕಾದ ಇಸವಿಗಳು

1902 – ಫ್ರಾನ್ಸ್‌ನ ಮೊದಲ ಸೈಕ್ಲೋ-ಕ್ರಾಸ್ ಚಾಂಪಿಯನ್‌ಶಿಪ್
1976 – ಕ್ಯಾಲಿಫೋರ್ನಿಯಾದ ರೀಪ್ಯಾಕ್ ಓಟ
1992 – ಪೋಲಿನ್ ಜನನ
1996 – ಮೌಂಟನ್ ಬೈಕ್ ಒಲಿಂಪಿಕ್ಸ್‌ಗೆ ಸೇರಿದ್ದು
2000 – ಹೆಂಗಸರ ಮೊದಲ ಸೈಕ್ಲೋ-ಕ್ರಾಸ್ ವಿಶ್ವ ಚಾಂಪಿಯನ್‌ಶಿಪ್
2015 – ಒಂದೇ ಸಮಯಕ್ಕೆ ಮೂರು ಜೆರ್ಸಿ
2016 – ರಿಯೋದಲ್ಲಿ ಅರ್ಧಕ್ಕೆ ನಿಂತದ್ದು
2019 – ಶಸ್ತ್ರಚಿಕಿತ್ಸೆ, ಮತ್ತೆ ವಿಶ್ವ ಪಟ್ಟ
2024 – ಒಲಿಂಪಿಕ್ ಚಿನ್ನ
2025 – ಪ್ಯಾರಿಸ್-ರುಬೇ ಮತ್ತು ಟೂರ್ ದ ಫ್ರಾನ್ಸ್

ಪ್ರಶ್ನೆಗಳು (ಉತ್ತರ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿರಿ)

1. ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 17 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತಿಗೆ ಗಾಲಿ ಎಷ್ಟು ಸುತ್ತು ತಿರುಗುತ್ತದೆ?
2. ಇಲಿಯಾಕ್ ಅಪಧಮನಿ ಸಣ್ಣದಾದರೂ ಮಲಗಿದಾಗ ಅದು ಯಾಕೆ ಗೊತ್ತಾಗುವುದಿಲ್ಲ?
3. ಕೆಸರಿನ ಓಟದಲ್ಲಿ ಟೈರಿಗೆ ಗಾಳಿ ಕಡಿಮೆ ಹಾಕುವುದೇಕೆ?
4. ಈ ವಾರದ ಮಾತ್ರೆಯನ್ನು ನೀವು ನುಂಗಿದಿರಾ? (ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ, ನಿಮಗೇ ಗೊತ್ತಿದ್ದರೆ ಸಾಕು.)

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ